ಸಮುದ್ರ ದೂರ, ಹೊಳೆ ಹತ್ತಿರ: ನ್ಯೂಜೆರ್ಸಿಯ ಒಳನಾಡಿನಲ್ಲಿ ನೆರೆಗೆ ತಯಾರಾಗುವುದು ಹೇಗೆ

ಜೂನ್ ತಿಂಗಳು ಬಂತೆಂದರೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಾವಿರೋದು ಸಾಮರ್‌ಸೆಟ್ ಕೌಂಟಿಯಲ್ಲಿ. ಸಮುದ್ರ ನಮಗೆ ದೂರ. ನಮಗೂ ಹರಿಕೇನ್ ಭಯ ಇದೆಯಾ?" ಕೇಳುವವರು ಬೇರೆ ಬೇರೆ, ನನ್ನ ಉತ್ತರ ಮಾತ್ರ ಒಂದೇ. ಗಾಳಿಯ ಭಯ ಕಡಿಮೆ, ನೀರಿನ ಭಯ ಜಾಸ್ತಿ.

ಐಡಾ ಚಂಡಮಾರುತವನ್ನೇ ನೋಡಿ. 2021ರ ಆಗಸ್ಟ್ 29ರಂದು ಅದು ಲೂಸಿಯಾನಾದ ಕರಾವಳಿಗೆ ಅಪ್ಪಳಿಸಿದಾಗ 4ನೇ ದರ್ಜೆಯ ಬಿರುಗಾಳಿ. ಸೆಪ್ಟೆಂಬರ್ 1ಕ್ಕೆ ನಮ್ಮ ಕಡೆ ಬಂದಾಗ ಅದಕ್ಕೆ ಹರಿಕೇನ್ ಅನ್ನುವ ಪಟ್ಟವೂ ಉಳಿದಿರಲಿಲ್ಲ. ಆದರೆ ಆ ಒಂದೇ ದಿನ ನ್ಯೂವಾರ್ಕ್‌ನಲ್ಲಿ 8.41 ಇಂಚು ಮಳೆ ಸುರಿಯಿತು. ನ್ಯೂಜೆರ್ಸಿಯಲ್ಲಿ 30 ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಕಾರಿನಲ್ಲಿ ಹೊರಟು ನೀರಿಗೆ ಸಿಕ್ಕಿದವರು.

ಟಿವಿಯಲ್ಲಿ ಹೇಳುವ ಒಂದರಿಂದ ಐದರ ದರ್ಜೆ ಗಾಳಿಯ ವೇಗವನ್ನು ಮಾತ್ರ ಅಳೆಯುತ್ತದೆ. ಮಳೆ ಎಷ್ಟು ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. "ಈಗ ಬರೀ ವಾಯುಭಾರ ಕುಸಿತ ಅಷ್ಟೆ" ಅಂತ ಕೇಳಿ ನೆಮ್ಮದಿಯಾಗಿ ಮಲಗುವುದೇ ಒಳನಾಡಿನವರು ಮಾಡುವ ಮೊದಲ ತಪ್ಪು.

ಕೆಳಗಿನ ಹಂತಗಳನ್ನು ರಾರಿಟನ್ ಹೊಳೆಯ ಆಸುಪಾಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಮೆರಿಕದ ಬೇರೆ ಊರಿನ ಹೊಳೆ ದಂಡೆಯಲ್ಲಿದ್ದರೂ ಬಹುಪಾಲು ನಿಮಗೂ ಅನ್ವಯಿಸುತ್ತದೆ. ಹಂಗಾಮು ಜೂನ್ 1ರಿಂದ ನವೆಂಬರ್ 30ರವರೆಗೆ. ಮೊದಲ ನಾಲ್ಕು ಹಂತಗಳನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಿ.

ಹಂತ 1: ನಿಮ್ಮ ಮನೆಗೆ ಬರುವ ನೀರು ಯಾವುದು ಅಂತ ತಿಳಿದುಕೊಳ್ಳಿ

ನೀರು ಮೂರು ದಾರಿಯಲ್ಲಿ ಬರುತ್ತದೆ. ದೊಡ್ಡ ಹೊಳೆ ಉಕ್ಕಿ ಬರುವುದು ಒಂದು. ಮನೆ ಹಿಂದಿನ ಸಣ್ಣ ಹಳ್ಳ ದಿಢೀರನೆ ಏರುವುದು ಇನ್ನೊಂದು. ಹೊಳೆಯೂ ಇಲ್ಲ, ಹಳ್ಳವೂ ಇಲ್ಲ, ಬೀದಿಯ ಚರಂಡಿ ಮಳೆ ತಡೆಯಲಾರದೆ ಉಕ್ಕುವುದು ಮೂರನೆಯದು.

ಮೂರರ ವೇಗ ಬೇರೆ ಬೇರೆ. ಹಳ್ಳ ಒಂದು ಗಂಟೆಯೊಳಗೆ ಏರಬಹುದು. ದೊಡ್ಡ ಹೊಳೆ ನಿಧಾನ. ಮೇಲಿನ ಊರುಗಳಲ್ಲಿ ಬಿದ್ದ ಮಳೆಯೆಲ್ಲ ಕೂಡಿಕೊಂಡು ಇಳಿದು ಬರಲು ಹೊತ್ತು ಬೇಕು. ಐಡಾ ಮಳೆ ಸುರಿದದ್ದು ಬುಧವಾರ ಸಂಜೆ, ರಾತ್ರಿ. ರಾರಿಟನ್ ತುತ್ತತುದಿಗೆ ಏರಿದ್ದು ಮರುದಿನ, ಮಳೆ ನಿಂತ ಮೇಲೆ. ಬಿಸಿಲು ಕಂಡಿತು ಅಂತ ಬೇಸ್‌ಮೆಂಟಿಗೆ ಇಳಿಯಬೇಡಿ ಅಂತ ಹೇಳುವುದು ಇದಕ್ಕೇ.

ಮ್ಯಾನ್‌ವಿಲ್ ಊರನ್ನು ನಕ್ಷೆಯಲ್ಲಿ ನೋಡಿ. ರಾರಿಟನ್ ಮತ್ತು ಮಿಲ್‌ಸ್ಟೋನ್ ಕೂಡುವ ಜಾಗ ಅದು. ಎರಡು ಹೊಳೆ ಸೇರುವ ಕಡೆ ಒಂದು ತುಂಬಿದರೆ ಇನ್ನೊಂದರ ನೀರಿಗೆ ಮುಂದೆ ಹೋಗಲು ದಾರಿ ಇರುವುದಿಲ್ಲ, ಹಿಂದಕ್ಕೆ ತಳ್ಳುತ್ತದೆ. ನಮ್ಮೂರಲ್ಲಿ ಸಂಗಮ ಅಂದರೆ ಪುಣ್ಯಕ್ಷೇತ್ರ. ಮನೆ ಕೊಳ್ಳುವ ವಿಷಯದಲ್ಲಿ ಆ ಭಕ್ತಿ ಬೇಡ.

ಹಂತ 2: ನಕ್ಷೆ ನೋಡಿ, ಆದರೆ ಪೂರ್ತಿ ನಂಬಬೇಡಿ

ಫೀಮಾ ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ. ಅದರ ಫ್ಲಡ್ ಮ್ಯಾಪ್ ಸರ್ವಿಸ್ ಸೆಂಟರ್ ಜಾಲತಾಣದಲ್ಲಿ ವಿಳಾಸ ಹಾಕಿದರೆ ನಿಮ್ಮ ಜಾಗ ಯಾವ ವಲಯದಲ್ಲಿದೆ ಅಂತ ಬರುತ್ತದೆ. ಪುಕ್ಕಟೆ. ಎ ಅಥವಾ ಎಇ ಅಂತ ಬಂದರೆ ಹೆಚ್ಚು ಅಪಾಯದ ವಲಯ. ಎಕ್ಸ್ ಅಂತ ಬಂದರೆ ಅಪಾಯ ಅದಕ್ಕಿಂತ ಕಡಿಮೆ.

ಇಲ್ಲಿ "ನೂರು ವರ್ಷದ ನೆರೆ" ಅನ್ನುವ ಮಾತು ಕೇಳುತ್ತೀರಿ. ನೂರು ವರ್ಷಕ್ಕೊಮ್ಮೆ ಬರುತ್ತದೆ, ಹೋದ ವರ್ಷ ಬಂತು, ಇನ್ನು ಚಿಂತೆಯಿಲ್ಲ ಅಂತ ಅದರ ಅರ್ಥ ಅಲ್ಲ. ಯಾವುದೇ ವರ್ಷ ಅಷ್ಟು ನೀರು ಬರುವ ಸಂಭವ ನೂರಕ್ಕೆ ಒಂದು ಅಂತ ಅರ್ಥ. 30 ವರ್ಷದ ಮನೆ ಸಾಲ ತೀರುವಷ್ಟರಲ್ಲಿ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ 26. ಕಾಲು ಭಾಗಕ್ಕಿಂತ ಜಾಸ್ತಿ. 1999ರಲ್ಲಿ ಫ್ಲಾಯ್ಡ್ ಚಂಡಮಾರುತ ಬಂದು ರಾರಿಟನ್ ದಂಡೆಯ ಬೌಂಡ್ ಬ್ರೂಕ್ ಪೇಟೆಯನ್ನು ಮುಳುಗಿಸಿತು. 22 ವರ್ಷಕ್ಕೆ ಐಡಾ ಬಂತು. ಹೊಳೆಗೆ ನೂರರ ಲೆಕ್ಕ ಗೊತ್ತಿಲ್ಲ.

ಎಕ್ಸ್ ವಲಯ ಅಂದ ತಕ್ಷಣ ಪಾರಾದೆವು ಅಂದುಕೊಳ್ಳುವವರೇ ಜಾಸ್ತಿ. ನೆರೆ ವಿಮೆಯ ಹಣಕ್ಕೆ ಅರ್ಜಿ ಹಾಕುವವರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮಂದಿ ಹೆಚ್ಚು ಅಪಾಯದ ವಲಯದ ಹೊರಗಿನವರು. ಈ ನಕ್ಷೆಗಳು ಬೀದಿ ಚರಂಡಿ ಉಕ್ಕುವುದನ್ನು ತೋರಿಸುವುದಿಲ್ಲ. ಹಳೆಯ ಮಳೆಯ ಲೆಕ್ಕದ ಮೇಲೆ ನಿಂತಿವೆ, ಮುಂದಿನ ಮಳೆಯ ಮೇಲಲ್ಲ. ನ್ಯೂಜೆರ್ಸಿ ಸರ್ಕಾರಕ್ಕೇ ಇದು ಸಾಲದು ಅನ್ನಿಸಿ 2023ರಲ್ಲಿ ಹೊಸ ನಿಯಮ ತಂದಿತು. ಒಳನಾಡಿನ ಹೊಳೆ ದಂಡೆಯಲ್ಲಿ ಹೊಸದಾಗಿ ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬೇಕಾದ ನೆರೆಮಟ್ಟವನ್ನು 2 ಅಡಿ ಏರಿಸಿತು. ಮನೆ ನೋಡುವಾಗ ಆ 2 ಅಡಿ ನಿಮ್ಮ ತಲೆಯಲ್ಲೂ ಇರಲಿ.

ಲೆವಿ ಅಂದರೆ ಹೊಳೆಗೆ ಕಟ್ಟಿದ ಏರಿ. ಫ್ಲಾಯ್ಡ್ ಆದಮೇಲೆ ಬೌಂಡ್ ಬ್ರೂಕ್‌ಗೆ ಏರಿ, ಪಂಪ್‌ಹೌಸ್ ಎಲ್ಲ ಬಂದಿವೆ. ಒಳ್ಳೆಯದೇ. ಆದರೆ ಏರಿ ಇದೆ ಅಂತ ವಿಮೆ ಬಿಡುವುದು ಜಾಣತನ ಅಲ್ಲ.

ಹಂತ 3: ಬಾಯಿಬಿಟ್ಟು ಕೇಳಿ

2024ರ ಮಾರ್ಚ್‌ನಿಂದ ನ್ಯೂಜೆರ್ಸಿಯಲ್ಲಿ ಮನೆ ಮಾರುವವರು ನೆರೆಯ ಅಪಾಯದ ಬಗ್ಗೆ ತಮಗೆ ಗೊತ್ತಿರುವುದನ್ನು ಬರೆದು ಕೊಡಬೇಕು. ಬಾಡಿಗೆಗೆ ಕೊಡುವವರಿಗೂ ಇಂಥದೇ ಕಟ್ಟುಪಾಡು ಇದೆ. ಆ ಕಾಗದವನ್ನು ಸಹಿ ಹಾಕುವ ಗಡಿಬಿಡಿಯಲ್ಲಿ ಓದಬೇಡಿ, ಮೊದಲೇ ಕೇಳಿ ತರಿಸಿಕೊಂಡು ಓದಿ.

ಕಾಗದಕ್ಕಿಂತ ಪಕ್ಕದ ಮನೆಯವರು ವಾಸಿ. ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಒಬ್ಬರನ್ನು ಹುಡುಕಿ, "ಐಡಾದಲ್ಲಿ ನೀರು ಎಲ್ಲಿವರೆಗೆ ಬಂತು?" ಅಂತ ಕೇಳಿ. ಅವರು ಕೈ ತೋರಿಸಿ ಹೇಳುತ್ತಾರೆ. ಮನೆ ನೋಡಲು ಹೋದಾಗ ಬೇಸ್‌ಮೆಂಟಿನ ಗೋಡೆಯ ಕೆಳಭಾಗ ನೋಡಿ. ಹೊಸ ಬಣ್ಣ ಬರೀ ಕೆಳಗಿನ 3 ಅಡಿಗೆ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಬೀದಿಯಲ್ಲಿ ಮನೆಗಳ ನಡುವೆ ಹುಲ್ಲು ಬೆಳೆದ ಖಾಲಿ ಜಾಗಗಳು ಸಾಲಾಗಿದ್ದರೂ ಯೋಚಿಸಿ. ಬ್ಲೂ ಏಕರ್ಸ್ ಅನ್ನುವ ಯೋಜನೆಯಲ್ಲಿ ಪದೇಪದೇ ಮುಳುಗುವ ಮನೆಗಳನ್ನು ರಾಜ್ಯ ಸರ್ಕಾರವೇ ಕೊಂಡು ಕೆಡವಿ ಬಯಲು ಬಿಡುತ್ತದೆ. ಆ ಹುಲ್ಲು ಪಾರ್ಕಿನದಲ್ಲದೆಯೂ ಇರಬಹುದು.

ಹಂತ 4: ನೆರೆ ವಿಮೆ ಮಾಡಿಸಿ

ಇದರ ಬಗ್ಗೆ ಗೊಂದಲ ಜಾಸ್ತಿ. ಅದಕ್ಕೆ ಇಲ್ಲಿ ಸ್ವಲ್ಪ ನಿಲ್ಲೋಣ.

ನಿಮ್ಮ ಹೋಮ್‌ಓನರ್ಸ್ ಪಾಲಿಸಿಯಲ್ಲಿ, ಅಂದರೆ ಮನೆಯ ಮಾಮೂಲು ವಿಮೆಯಲ್ಲಿ, ನೆರೆ ಸೇರಿಲ್ಲ. ಚಾವಣಿ ಹಾರಿ ಮಳೆ ಒಳಗೆ ಬಿದ್ದರೆ ಅದು ಕೊಡಬಹುದು. ನೆಲದ ಮೇಲಿಂದ ಹರಿದು ಬಂದ ನೀರಿಗೆ ಕೊಡುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ ಬೇಕು. ಕೇಂದ್ರ ಸರ್ಕಾರ 1968ರಲ್ಲಿ ಶುರು ಮಾಡಿದ ರಾಷ್ಟ್ರೀಯ ನೆರೆ ವಿಮಾ ಯೋಜನೆ ಇದೆ, ಇಂಗ್ಲಿಷ್ ಅಕ್ಷರಗಳಲ್ಲಿ ಎನ್‌ಎಫ್‌ಐಪಿ ಅನ್ನುತ್ತಾರೆ. ಮಾಮೂಲು ಏಜೆಂಟರ ಹತ್ತಿರವೇ ಸಿಗುತ್ತದೆ. ಮನೆಯ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಒಳಗಿನ ಸಾಮಾನಿಗೆ ಗರಿಷ್ಠ 1,00,000 ಡಾಲರ್. ಇದಕ್ಕಿಂತ ಹೆಚ್ಚು ಬೇಕಾದರೆ ಖಾಸಗಿ ಕಂಪನಿಗಳ ಪಾಲಿಸಿ ನೋಡಬೇಕು.

ಎಡವುವ ಜಾಗಗಳು ಇವು:

ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಕಾಯಬೇಕು. ಐಡಾಗೆ ಹೆಸರಿಟ್ಟದ್ದು ಆಗಸ್ಟ್ 26ಕ್ಕೆ, ನ್ಯೂಜೆರ್ಸಿ ಮುಳುಗಿದ್ದು ಸೆಪ್ಟೆಂಬರ್ 1ಕ್ಕೆ. ಸುದ್ದಿ ನೋಡಿ ಏಜೆಂಟಿಗೆ ಫೋನ್ ಮಾಡಿದರೆ ಏನೂ ಪ್ರಯೋಜನ ಇಲ್ಲ. ಮನೆ ಕೊಳ್ಳುವಾಗ ಸಾಲದ ಜೊತೆಗೇ ಪಾಲಿಸಿ ಮಾಡಿಸಿದರೆ ಈ ಕಾಯುವಿಕೆ ಇರುವುದಿಲ್ಲ. ಹಾಗಾಗಿ ಕ್ಲೋಸಿಂಗ್‌ಗೆ ಮೊದಲೇ, ಅಂದರೆ ಮನೆ ನಿಮ್ಮ ಹೆಸರಿಗೆ ಆಗುವ ದಿನಕ್ಕೆ ಮೊದಲೇ, ಕೇಳಿ.

ಬ್ಯಾಂಕ್ ಕಡ್ಡಾಯ ಮಾಡಿ ಹಾಕಿಸಿದ ಪಾಲಿಸಿ ಬಹಳ ಸಲ ಕಟ್ಟಡಕ್ಕೆ ಮಾತ್ರ ಇರುತ್ತದೆ. ಬ್ಯಾಂಕಿಗೆ ಬೇಕಾದದ್ದು ಅದರ ಸಾಲದ ಭದ್ರತೆ. ನಿಮ್ಮ ಸೋಫಾ, ಬೀರು, ಬಟ್ಟೆ ಅವರ ತಲೆನೋವಲ್ಲ. ಸಾಮಾನಿನ ವಿಮೆ ಇದೆಯಾ ಅಂತ ಇವತ್ತೇ ಪಾಲಿಸಿ ತೆಗೆದು ನೋಡಿ.

ಟೌನ್‌ಹೌಸ್, ಕಾಂಡೊದಲ್ಲಿರುವವರು "ಅಸೋಸಿಯೇಷನ್ ಮಾಡಿಸಿದೆ" ಅಂತ ಸುಮ್ನೆ ಇರುತ್ತಾರೆ. ಅದು ಮಾಡಿಸಿದ್ದರೂ ಕಟ್ಟಡಕ್ಕಷ್ಟೆ. ಬಾಡಿಗೆಯಲ್ಲಿರುವವರೂ ಸಾಮಾನಿಗೆ ಮಾತ್ರ ನೆರೆ ವಿಮೆ ಕೊಳ್ಳಬಹುದು. ಎಚ್1ಬಿ ಕೆಲಸದ ವೀಸಾದಲ್ಲಿದ್ದೇವೆ, ನಮಗೆ ಕೊಡ್ತಾರಾ ಅಂತ ಕೇಳುತ್ತೀರಿ. ಕೊಡುತ್ತಾರೆ. ಈ ವಿಮೆಗೆ ಪೌರತ್ವ ಕೇಳುವುದಿಲ್ಲ.

ಬೇಸ್‌ಮೆಂಟಿಗೆ ಈ ವಿಮೆ ಕೈ ಬಿಗಿ ಹಿಡಿಯುತ್ತದೆ. ಫರ್ನೇಸ್, ನೀರು ಕಾಯಿಸುವ ಹೀಟರ್, ಎಲೆಕ್ಟ್ರಿಕ್ ಪ್ಯಾನೆಲ್, ಅಡಿಪಾಯದ ಗೋಡೆ, ಇಂಥವಕ್ಕೆ ಸಿಗುತ್ತದೆ. ಸಾಮಾನಿನ ವಿಮೆ ಇದ್ದರೆ ವಾಷರ್, ಡ್ರೈಯರ್‌ಗೂ ಸಿಗುತ್ತದೆ. ಕಾರ್ಪೆಟ್, ಟಿವಿ, ಮಂಚ, ನೀವು ಖರ್ಚು ಮಾಡಿ ಅಂದವಾಗಿ ಮಾಡಿಸಿದ ಹೋಮ್ ಥಿಯೇಟರ್, ಇವಕ್ಕೆ ಸೊನ್ನೆ. ಮೇಲಿನ ಮಹಡಿಯ ಸಾಮಾನಿಗೂ ಹೊಸದರ ಬೆಲೆ ಕೊಡುವುದಿಲ್ಲ. ಸವಕಳಿ ಕಳೆದು ಕೊಡುತ್ತಾರೆ. ಮನೆ ಬಿಟ್ಟು ಹೋಟೆಲಿನಲ್ಲಿದ್ದ ಖರ್ಚೂ ಬರುವುದಿಲ್ಲ.

ಚರಂಡಿ ನೀರು ಬಚ್ಚಲಿಂದ ಹಿಂದಕ್ಕೆ ಉಕ್ಕಿ ಬರುವುದು ಮತ್ತು ಬೇಸ್‌ಮೆಂಟಿನ ನೀರನ್ನು ಹೊರಹಾಕುವ ಸಂಪ್ ಪಂಪ್ ಕೈಕೊಡುವುದು ಬೇರೆ ಲೆಕ್ಕ. ಅದಕ್ಕೆ ಹೋಮ್‌ಓನರ್ಸ್ ಪಾಲಿಸಿಗೆ ವಾಟರ್ ಬ್ಯಾಕಪ್ ಅನ್ನುವ ಬಾಲ ಸೇರಿಸಿಕೊಳ್ಳಬೇಕು. ಏಜೆಂಟನ್ನು ಕೇಳಿ, ತಾವಾಗಿ ಹೇಳುವವರು ಕಡಿಮೆ. ಕಾರಿಗೆ ಕಾಂಪ್ರಿಹೆನ್ಸಿವ್ ವಿಮೆ ಇದ್ದರೆ ಮಾತ್ರ ನೆರೆಯ ನಷ್ಟ ಸಿಗುತ್ತದೆ.

ಹಂತ 5: ಬೇಸ್‌ಮೆಂಟನ್ನು ಸರಿ ಮಾಡಿಕೊಳ್ಳಿ

ಬೆಂಗಳೂರಲ್ಲಿ ಸಂಪು ಅಂದರೆ ನೀರು ತುಂಬಿಸಿಡುವ ಗುಂಡಿ. ಇಲ್ಲಿ ಸಂಪು ಅಂದರೆ ನೀರು ಹೊರಹಾಕುವ ಗುಂಡಿ. ಬೇಸ್‌ಮೆಂಟಿನ ಮೂಲೆಯಲ್ಲಿ ಮುಚ್ಚಳ ಹಾಕಿದ ಗುಂಡಿ ಇರುತ್ತದೆ. ನೆಲದಡಿಯ ನೀರು ಅದರಲ್ಲಿ ಸೇರಿ, ತೇಲುಬುರುಡೆ ಮೇಲೆದ್ದಾಗ ಪಂಪ್ ತಾನಾಗಿ ಓಡಿ ಹೊರಗೆ ಚೆಲ್ಲುತ್ತದೆ.

ಮೂರು ತಿಂಗಳಿಗೊಮ್ಮೆ ಅದಕ್ಕೆ ಒಂದೆರಡು ಬಕೆಟ್ ನೀರು ಸುರಿದು ನೋಡಿ. ಬುರುಡೆ ಏಳಬೇಕು, ಪಂಪ್ ಗುರ್ ಅನ್ನಬೇಕು, ಗುಂಡಿ ಖಾಲಿಯಾಗಬೇಕು. ಆಮೇಲೆ ಹೊರಗೆ ಹೋಗಿ ಪೈಪು ನೀರನ್ನು ಎಲ್ಲಿ ಬಿಡುತ್ತಿದೆ ನೋಡಿ. ನಮ್ಮ ಮನೆಯದು ಗೋಡೆಗೆ ಒಂದೇ ಅಡಿ ದೂರದಲ್ಲಿ ಬಿಡುತ್ತಿತ್ತು. ಅದೇ ನೀರು ಮತ್ತೆ ಇಂಗಿ ಅದೇ ಗುಂಡಿಗೆ. ಎರಡು ವರ್ಷ ನಾವು ಒಂದೇ ನೀರನ್ನು ಸುತ್ತಿಸುತ್ತಿದ್ದೆವು ಅನ್ನಿಸುತ್ತದೆ.

ಜೋರು ಮಳೆ ಬಂದಾಗಲೇ ಕರೆಂಟೂ ಹೋಗುತ್ತದೆ. ಬ್ಯಾಟರಿ ಬ್ಯಾಕಪ್ ಇಲ್ಲದ ಸಂಪ್ ಪಂಪ್ ಆ ಹೊತ್ತಿಗೆ ಬರೀ ಅಲಂಕಾರ. ಚರಂಡಿ ಹಿಂದಕ್ಕೆ ಬರದಂತೆ ತಡೆಯುವ ಒಂದು ಬಾಗಿಲು ಇದೆ, ಬ್ಯಾಕ್‌ವಾಟರ್ ವಾಲ್ವ್ ಅನ್ನುತ್ತಾರೆ. ಪ್ಲಂಬರ್ ಹಾಕಿಕೊಡುತ್ತಾರೆ.

ಇನ್ನು ಮುಖ್ಯ ಮಾತು. ಊರಿಂದ ಅಪ್ಪ ಅಮ್ಮ ಬಂದಾಗ ಎಷ್ಟೋ ಮನೆಗಳಲ್ಲಿ ಅವರಿಗೆ ಕೋಣೆ ಬೇಸ್‌ಮೆಂಟಿನಲ್ಲಿ. ತಂಪಾಗಿರುತ್ತದೆ, ಬೇರೆ ಬಚ್ಚಲೂ ಇರುತ್ತದೆ, ಸರಿ. ಐಡಾ ರಾತ್ರಿ ನ್ಯೂಯಾರ್ಕ್ ನಗರದಲ್ಲಿ ಸತ್ತ 13 ಜನರಲ್ಲಿ 11 ಮಂದಿ ಬೇಸ್‌ಮೆಂಟಿನಲ್ಲಿದ್ದವರು. ಹೊರಗೆ ನೀರು ನಿಂತರೆ ಅದರ ಒತ್ತಡಕ್ಕೆ ಬಾಗಿಲು ತೆರೆಯಲು ಆಗುವುದಿಲ್ಲ. ಭಾರತದ ಸಿಮ್ ಇಟ್ಟುಕೊಂಡ ಅಮ್ಮನ ಫೋನಿಗೆ ಎಚ್ಚರಿಕೆ ಸಂದೇಶ ಬರುತ್ತದೆ ಅಂತ ನೆಚ್ಚಬೇಡಿ. ಬಂದರೂ ಇಂಗ್ಲಿಷಿನಲ್ಲಿ ಕಿರುಚುತ್ತದೆ. ಫ್ಲಡ್ ವಾಚ್, ಅಂದರೆ ನೆರೆ ಬರಬಹುದು ಅನ್ನುವ ಮುನ್ನೆಚ್ಚರಿಕೆ, ಇದ್ದ ರಾತ್ರಿ ಅವರ ಹಾಸಿಗೆ ಮೇಲಕ್ಕೆ ಬರಲಿ. "ಅಯ್ಯೋ, ಇರಲಿ ಬಿಡೋ, ಏನೂ ಆಗಲ್ಲ" ಅನ್ನುತ್ತಾರೆ. ಬಿಡಬೇಡಿ.

ಹಂತ 6: ಕಾಗದಪತ್ರ ಎತ್ತಿಡಿ

ಪಾಸ್‌ಪೋರ್ಟ್, ಐ-797 (ವಲಸೆ ಇಲಾಖೆಯ ಪತ್ರ), ಗ್ರೀನ್ ಕಾರ್ಡ್, ಓಸಿಐ, ಮಕ್ಕಳ ಜನನ ಪತ್ರ, ಡಿಗ್ರಿ ಸರ್ಟಿಫಿಕೇಟು, ವಿಮೆ ಪಾಲಿಸಿ. ಎಲ್ಲವೂ ಒಂದು ನೀರು ಹೋಗದ ಚೀಲದಲ್ಲಿ, ಮೇಲಿನ ಮಹಡಿಯಲ್ಲಿ. ಎಲ್ಲದರ ಫೋಟೊ ಕ್ಲೌಡ್‌ನಲ್ಲಿ. ಆಮೇಲೆ ಫೋನ್ ಹಿಡಿದು ಮನೆಯಿಡೀ ಒಂದು ಸುತ್ತು ವಿಡಿಯೊ ಮಾಡಿ. ಬೀರು ತೆರೆದು ರೇಷ್ಮೆ ಸೀರೆಗಳನ್ನೂ ತೋರಿಸಿ, ಫ್ರಿಜ್ಜಿನ ಮಾಡೆಲ್ ನಂಬರನ್ನೂ ತೋರಿಸಿ. ಹತ್ತು ನಿಮಿಷದ ಕೆಲಸ.

ಹಂತ 7: ಎಚ್ಚರಿಕೆಯ ಭಾಷೆ ಕಲಿತುಕೊಳ್ಳಿ

ಹವಾಮಾನ ಇಲಾಖೆಯವರದು ಮೂರು ಮಾತು. ಫ್ಲಡ್ ವಾಚ್ ಅಂದರೆ ಮೋಡ ಕಟ್ಟಿದೆ, ಮಹಡಿ ಮೇಲಿನ ಸಂಡಿಗೆ ಕಡೆ ಒಂದು ಕಣ್ಣಿರಲಿ. ವಾರ್ನಿಂಗ್ ಅಂದರೆ ಹನಿ ಶುರುವಾಯಿತು, ಈಗಲೇ ಓಡಿ. ಫ್ಲ್ಯಾಶ್ ಫ್ಲಡ್ ಎಮರ್ಜೆನ್ಸಿ ಅಂದರೆ ಸಂಡಿಗೆ ಹಾಳಾಗಲಿ, ನೀವು ಬದುಕಿಕೊಳ್ಳಿ. ಈ ಮೂರನೆಯದು ಅಪರೂಪ. ನ್ಯೂಯಾರ್ಕ್ ಕಚೇರಿಯವರು ಅದನ್ನು ಮೊಟ್ಟಮೊದಲು ಹೊರಡಿಸಿದ್ದು ಐಡಾ ರಾತ್ರಿ, ಈಶಾನ್ಯ ನ್ಯೂಜೆರ್ಸಿಗೆ.

ಊರಲ್ಲಿ ಆಲಮಟ್ಟಿಯಿಂದ ಇಷ್ಟು ಕ್ಯೂಸೆಕ್ ಬಿಟ್ಟರು ಅನ್ನುವ ಸುದ್ದಿ ಕೇಳಿ ಕೆಳಗಿನವರು ಅಂದಾಜು ಹಾಕುತ್ತಾರಲ್ಲ, ಇಲ್ಲಿ ಆ ಕೆಲಸಕ್ಕೆ ಗೇಜ್ ಇದೆ. ಗೇಜ್ ಅಂದರೆ ಹೊಳೆಯ ಮಟ್ಟ ಅಳೆಯುವ ಯಂತ್ರ. ಅದರ ಅಂಕಿ, ಮುಂದೆ ಎಷ್ಟು ಏರಬಹುದು ಅನ್ನುವ ರೇಖೆ, ಎರಡೂ ನೋವಾ, ಅಂದರೆ ಅಮೆರಿಕ ಸರ್ಕಾರದ ಸಾಗರ ಮತ್ತು ಹವಾಮಾನ ಸಂಸ್ಥೆಯ, ನೀರಿನ ಮುನ್ಸೂಚನೆ ಜಾಲತಾಣದಲ್ಲಿ ಸಿಗುತ್ತವೆ. ನಿಮಗೆ ಹತ್ತಿರದ ಗೇಜನ್ನು, ಹಾಗೆಯೇ ಹೊಳೆಯ ಮೇಲುಗಡೆಯ ಇನ್ನೊಂದನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಮೇಲಿನದು ಏರಿದರೆ ನಿಮ್ಮದು ಆಮೇಲೆ ಏರುತ್ತದೆ.

ಗೇಜಿನ ಅಂಕಿ ಅಂದರೆ ಹೊಳೆಯ ಆಳವೂ ಅಲ್ಲ, ನಿಮ್ಮ ಬೀದಿಯ ನೀರೂ ಅಲ್ಲ. ಬೌಂಡ್ ಬ್ರೂಕ್ ಗೇಜಿನಲ್ಲಿ 28 ಅಡಿ ದಾಟಿದರೆ ನೆರೆ ಅಂತ ಲೆಕ್ಕ. ಫ್ಲಾಯ್ಡ್‌ನಲ್ಲಿ ಅದು 42.13 ಅಡಿ ಮುಟ್ಟಿತು. ಎಷ್ಟು ಅಡಿಗೆ ನಿಮ್ಮ ಬೀದಿಗೆ ನೀರು ಬರುತ್ತದೆ ಅನ್ನುವ ಒಂದು ಅಂಕಿ ನಿಮಗೆ ಗೊತ್ತಿರಬೇಕು. ಹಳಬರನ್ನೋ ಊರಿನ ತುರ್ತು ನಿರ್ವಹಣಾ ಕಚೇರಿಯವರನ್ನೋ ಕೇಳಿ, ಫ್ರಿಜ್ಜಿನ ಮೇಲೆ ಬರೆದು ಅಂಟಿಸಿ.

ಹಂತ 8: ಆ ರಾತ್ರಿ

ಹೊರಡಿ ಅಂದರೆ ಹೊರಡಿ. ಬೆಳಕಿರುವಾಗಲೇ ಹೊರಡಿ. ಎತ್ತರದ ಜಾಗದಲ್ಲಿರುವ ಸ್ನೇಹಿತರ ಮನೆ ಯಾವುದು ಅಂತ ಮೊದಲೇ ಮಾತಾಡಿಕೊಂಡಿರಿ. ಕನ್ನಡ ಕೂಟದ ವಾಟ್ಸಾಪ್ ಗುಂಪು ಇಂಥ ಕೆಲಸಕ್ಕೂ ಬರುತ್ತದೆ, ಯುಗಾದಿ ಫೋಟೊಗೆ ಮಾತ್ರ ಅಲ್ಲ.

ಸಂಜೆ ಆಫೀಸಿನಿಂದ ಮನೆಗೆ ಹೊರಟಿದ್ದೀರಿ, ವಾರ್ನಿಂಗ್ ಬಂತು. ಆಫೀಸಿನಲ್ಲೇ ಇರಿ. 6 ಇಂಚು ಹರಿಯುವ ನೀರು ನಿಂತ ಮನುಷ್ಯನನ್ನು ಬೀಳಿಸುತ್ತದೆ. 1 ಅಡಿ ನೀರು ಸಣ್ಣ ಕಾರನ್ನು ತೇಲಿಸುತ್ತದೆ. 2 ಅಡಿಗೆ ಎಸ್‌ಯುವಿಯೂ ಹೋಗುತ್ತದೆ. ಮುಂದಿನ ಕಾರು ದಾಟಿತು ಅನ್ನುವುದು ಲೆಕ್ಕಕ್ಕಿಲ್ಲ. ಕತ್ತಲಲ್ಲಿ ನೀರಿನಡಿ ರಸ್ತೆಯೇ ಕೊಚ್ಚಿಹೋಗಿದ್ದರೂ ಗೊತ್ತಾಗುವುದಿಲ್ಲ.

ಮನೆಯಲ್ಲೇ ಸಿಕ್ಕಿಬಿದ್ದರೆ ಮೇಲೆ ಹತ್ತಿ. ಕಿಟಕಿಯಿಲ್ಲದ ಅಟ್ಟಕ್ಕೆ ಮಾತ್ರ ಹತ್ತಬೇಡಿ, ಅಲ್ಲಿಂದ ಹೊರಬರಲು ದಾರಿ ಇರುವುದಿಲ್ಲ. 911ಕ್ಕೆ ಫೋನ್ ಮಾಡಿ.

ಹಂತ 9: ನೀರು ಇಳಿದ ಮೇಲೆ

ಐಡಾ ಆದ ಮೇಲೆ ಮ್ಯಾನ್‌ವಿಲ್‌ನಲ್ಲಿ ನೀರಿನ ನಡುವೆಯೇ ಕೆಲವು ಕಟ್ಟಡಗಳು ಗ್ಯಾಸ್ ಸೋರಿ ಸಿಡಿದವು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬನ್ನಿ. ಎಲೆಕ್ಟ್ರಿಕ್ ಪ್ಯಾನೆಲ್ ತನಕ ನೀರು ಬಂದಿದ್ದರೆ ಬೇಸ್‌ಮೆಂಟಿಗೆ ಇಳಿಯಬೇಡಿ. ಜನರೇಟರ್ ಮನೆಯಿಂದ 20 ಅಡಿ ಆಚೆ ಇರಲಿ, ಗ್ಯಾರೇಜಿನಲ್ಲೂ ಬೇಡ. ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷ ಇರುತ್ತದೆ.

ಕೆಸರು ಬಳಿದು ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ. ಗೋಡೆಯ ಮೇಲಿನ ನೀರಿನ ಗೆರೆ, ಒಂದೊಂದು ಸಾಮಾನು, ಸೀರಿಯಲ್ ನಂಬರ್. ಕಾರ್ಪೆಟ್ ಎಸೆಯುವ ಮುಂಚೆ ಒಂದು ತುಂಡು ಕತ್ತರಿಸಿಡಿ, ವಿಮೆಯವರು ಕೇಳುತ್ತಾರೆ. ಆದರೆ ಅವರು ಬರಲಿ ಅಂತ ಒದ್ದೆ ಗೋಡೆಯನ್ನು ಬಿಟ್ಟು ಕೂರಬೇಡಿ. 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯುತ್ತದೆ. ನಷ್ಟದ ಪ್ರಮಾಣಪತ್ರ, ಅಂದರೆ ಏನೇನು ಹೋಯಿತು ಅಂತ ಸಹಿ ಹಾಕಿದ ಪಟ್ಟಿ, ನೀರು ಬಂದ ದಿನದಿಂದ 60 ದಿನದೊಳಗೆ ವಿಮೆಯವರಿಗೆ ತಲುಪಬೇಕು.

ರಿಪೇರಿಗೆ ಬಾಗಿಲಿಗೇ ಬಂದು ನಿಲ್ಲುವವರ ಕೈಗೆ ಪೂರ್ತಿ ದುಡ್ಡು ಕೊಡಬೇಡಿ. ನ್ಯೂಜೆರ್ಸಿಯಲ್ಲಿ ಇಂಥ ಕಂಟ್ರಾಕ್ಟರುಗಳು ರಾಜ್ಯದಲ್ಲಿ ನೋಂದಾಯಿಸಿಕೊಂಡಿರಬೇಕು. ನಂಬರ್ ಕೇಳಿ, ಪರೀಕ್ಷಿಸಿ.

ಹಂತ 10: ಫೀಮಾ ನೆರವಿಗೆ ಅರ್ಜಿ

ಅಧ್ಯಕ್ಷರು ನಿಮ್ಮ ಕೌಂಟಿಯನ್ನು ವಿಪತ್ತು ಪ್ರದೇಶ ಅಂತ ಘೋಷಿಸಿದರೆ ಮಾತ್ರ ಇದು ಸಿಗುತ್ತದೆ. ವಿಮೆಗೆ ಇದು ಬದಲಿಯಲ್ಲ, ಮೊತ್ತ ಸಣ್ಣದು. ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ನೇರವಾಗಿ ಸಿಗುತ್ತದೆ. ಎಚ್1ಬಿ, ಎಲ್1 ವೀಸಾದವರಿಗೆ ಅವರ ಹೆಸರಿನಲ್ಲಿ ಸಿಗುವುದಿಲ್ಲ. ಆದರೆ ಇಲ್ಲೇ ಹುಟ್ಟಿದ, 18 ತುಂಬದ ಮಗು ನಿಮ್ಮ ಜೊತೆ ಇದ್ದರೆ, ಆ ಮಗುವಿನ ಪರವಾಗಿ ನೀವು ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿಗೆ ಫೀಸ್ ಇಲ್ಲ. ಯಾರಾದರೂ ಕೇಳಿದರೆ ಅವರು ಫೀಮಾದವರಲ್ಲ.

ವಿಮೆ ಇದ್ದರೆ ಮೊದಲು ವಿಮೆಗೆ ಹಾಕಿ, ಅವರ ಉತ್ತರದ ಪತ್ರವನ್ನು ಇಲ್ಲಿ ಲಗತ್ತಿಸಿ. "ಅರ್ಹರಲ್ಲ" ಅಂತ ಮೊದಲ ಪತ್ರ ಬಂದರೆ ಹರಿದು ಹಾಕಬೇಡಿ. ಎಷ್ಟೋ ಸಲ ಒಂದು ಕಾಗದ ಕಡಿಮೆ ಇದೆ ಅನ್ನುವುದಕ್ಕೂ ಅದೇ ಪದ ಬಳಸುತ್ತಾರೆ. ಯಾವ ಕಾಗದ ಅಂತ ಪತ್ರದಲ್ಲೇ ಇರುತ್ತದೆ. ಪತ್ರದ ತಾರೀಖಿನಿಂದ 60 ದಿನದೊಳಗೆ ಅದನ್ನು ಸೇರಿಸಿ ಮೇಲ್ಮನವಿ ಕಳಿಸಿ.